ಅವರ ಲೆಕ್ಕ ಅವರ ಕೈಗೆ

"ಯೂಸರ್ ಎಷ್ಟು ಜನ ಆಗ್ತಾರೆ ಮೇಡಂ?" ಎಂದು ಕಂಪ್ಯೂಟರಿನ ಪರದೆಯಲ್ಲಿ ಕಾಣುತ್ತಿದ್ದ ಬೆಂಗಳೂರಿನ ತರುಣ ಕೇಳಿದ. ನನ್ನ ತಂಗಿಯ ಮಗಳು ಬೆರಳು ಮಡಚುತ್ತ ಎಣಿಸಿದಳು. ಆಫೀಸಿನಲ್ಲಿ ನಾಲ್ವರು, ಸ್ಟೋರಿನಲ್ಲಿ ಒಬ್ಬ, ಮೂರು ಘಟಕಗಳ ಸೂಪರ್‌ವೈಸರುಗಳು, ಆಡಿಟರು, ತಾನು. ತಲೆಗೆ ತಿಂಗಳಿಗೆ ಇಷ್ಟು ಎಂದು ಆತ ಗುಣಿಸಿ ವರ್ಷದ ಮೊತ್ತ ಹೇಳಿದ. ಗುಣಾಕಾರ ಸರಿಯಾಗಿಯೇ ಇತ್ತು. ಆದರೆ ಕಿಟಕಿಯಾಚೆ ಶೆಡ್ಡಿನಲ್ಲಿ ಸಾಲಾಗಿ ಕೂತು ಗೇರುಬೀಜ ಬಿಡಿಸುತ್ತಿದ್ದ ಹೆಂಗಸರು ಆ ಎಣಿಕೆಯಲ್ಲಿ ಇರಲಿಲ್ಲ. ಆತ ಮಾರುತ್ತಿದ್ದ ಸಾಫ್ಟ್‌ವೇರಿಗೆ ದಿನವೂ ತುಂಬಬೇಕಾದ ಅಂಕಿಗಳಲ್ಲಿ ಹೆಚ್ಚಿನವು ಅವರ ಕೈಕೆಲಸದವೇ. ಅದು ಹೊಳೆದ ಮೇಲೆ ಆ ಮಾತುಕತೆಯ ಉಳಿದ ಭಾಗ ನನ್ನ ತಲೆಗೆ ಹೋಗಲಿಲ್ಲ. ಎಂಬತ್ತರ ದಶಕದ ನಡುವಿನ ಇನ್ನೊಂದು ಗೇರುಬೀಜದ ಫ್ಯಾಕ್ಟರಿ, ಅಲ್ಲಿನ ತಕ್ಕಡಿ, ತಕ್ಕಡಿಯ ಪಕ್ಕದ ಮೇಜು ಕಣ್ಣೆದುರು ಬಂದು ನಿಂತಿದ್ದವು.

ಅವಳು ನನ್ನನ್ನು ಕರೆಸಿದ್ದಕ್ಕೂ ಆ ಮೇಜೇ ಕಾರಣ. "ಮಾವಾ, ನೀವ್ ಲೆಕ್ಕ ಬರ್ದವ್ರ್. ಒಂದ್ಸಲ ಬಂದ್ ಕೂಕಣಿ" ಎಂದು ಫೋನು ಮಾಡಿದ್ದಳು. ಅವಳ ಉದ್ಯಮ ಬೆಳೆದಿದೆ. ಕುಂದಾಪುರದ ಹತ್ತಿರ ಬೀಜ ಬೇಯಿಸಿ ಒಡೆಯುವ ಮುಖ್ಯ ಘಟಕ, ಬೈಂದೂರಿನ ಕಡೆ ತಿರುಳಿನ ಸಿಪ್ಪೆ ತೆಗೆಯುವ ಶೆಡ್ಡು, ಬ್ರಹ್ಮಾವರದಲ್ಲಿ ಗ್ರೇಡಿಂಗ್, ಪ್ಯಾಕಿಂಗ್ ಮತ್ತು ಗೋಡೌನು. ಮೂರೂ ಕಡೆ ಮೂರು ಬಗೆಯ ಪುಸ್ತಕ, ಮೂರು ಎಕ್ಸೆಲ್ ಹಾಳೆ, ಜೊತೆಗೆ ವಾಟ್ಸಾಪಿನಲ್ಲಿ ಹರಿದಾಡುವ ಫೋಟೋಗಳು. ಪಾಲುದಾರಿಕೆಯಾಗಿದ್ದದ್ದು ಈಗ ಪ್ರೈವೇಟ್ ಲಿಮಿಟೆಡ್ ಆಗಿದೆ. ಖರೀದಿ, ದಾಸ್ತಾನು, ಉತ್ಪಾದನೆ, ಮಾರಾಟ, ಸಂಬಳ, ತೆರಿಗೆ ಎಲ್ಲವನ್ನೂ ಒಂದೇ ಕಡೆ ತರುವ ಕ್ಲೌಡ್ ಸಾಫ್ಟ್‌ವೇರ್ ಬೇಕು ಎಂಬ ತೀರ್ಮಾನ ಆಗಿತ್ತು. ಯಾವುದು ಎಂಬುದಷ್ಟೇ ಬಾಕಿ.

ಬಿ.ಕಾಂ. ಮುಗಿಸಿ ನಾನು ಸೇರಿದ ಫ್ಯಾಕ್ಟರಿಗೂ ಒಂದಕ್ಕಿಂತ ಹೆಚ್ಚು ಶೆಡ್ಡುಗಳಿದ್ದವು. ಆಗ ಉಡುಪಿ ಜಿಲ್ಲೆ ಹುಟ್ಟಿರಲಿಲ್ಲ. ನಾವೆಲ್ಲ ಅವಿಭಜಿತ ದಕ್ಷಿಣ ಕನ್ನಡದವರು. ಬೈಂದೂರು ಕುಂದಾಪುರ ತಾಲೂಕಿಗೆ, ಬ್ರಹ್ಮಾವರ ಉಡುಪಿ ತಾಲೂಕಿಗೆ ಸೇರಿದ್ದವು. ಬೈಂದೂರಿನ ಶೆಡ್ಡಿನ ದಿನದ ಲೆಕ್ಕ ಒಂದು ಚೀಟಿಯಲ್ಲಿ ಮಡಚಿಕೊಂಡು ಬಸ್ಸಿನ ಕಂಡಕ್ಟರರ ಕೈಯಲ್ಲಿ ಬರುತ್ತಿತ್ತು. ಮಳೆಗಾಲದಲ್ಲಿ ಬಸ್ಸು ತಡವಾದರೆ ಲೆಕ್ಕವೂ ತಡ. ಚೀಟಿ ಒದ್ದೆಯಾದರೆ ಅಂಕಿಗಳು ಹರಡಿ ಆರು ಎಂಟಾಗಿ ಕಾಣುತ್ತಿತ್ತು. ಮಾರನೆಯ ದಿನ ಅದೇ ಬಸ್ಸಿನಲ್ಲಿ ಇಲ್ಲಿಂದ ಕೇಳಿಕೆ ಹೋಗಿ, ಸಂಜೆ ಅಲ್ಲಿಂದ ಉತ್ತರ ಬರಬೇಕು.

ಆಫೀಸಿನ ನಡುವೆ ಕೂರುತ್ತಿದ್ದವರು ರೈಟರು. ನಮ್ಮ ಕರಾವಳಿಯ ಹೆಂಚಿನ ಕಾರ್ಖಾನೆ, ಬೀಜದ ಫ್ಯಾಕ್ಟರಿ, ಮರದ ಮಿಲ್ಲು ಎಲ್ಲ ಕಡೆ ಗುಮಾಸ್ತರಿಗೆ ಅದೇ ಹೆಸರು. ಬ್ರಹ್ಮಾವರದ ಆಚೆಯ ಹಳ್ಳಿಯಿಂದ ದಿನವೂ ಬರುತ್ತಿದ್ದ ಅವರು ಬಿಳಿ ಪಂಚೆ, ತೋಳು ಮಡಚಿದ ಬಿಳಿ ಅಂಗಿಯ ಮನುಷ್ಯ. ಕಿರ್ದಿ, ಖಾತೆ, ದಾಸ್ತಾನು ಪುಸ್ತಕ, ಬಟವಾಡೆ ಪಟ್ಟಿ ಎಲ್ಲವೂ ಅವರ ಕೈಬರಹದಲ್ಲೇ ಇದ್ದವು. ಸಂಜೆ ನಗದು ಶಿಲ್ಕು ತಾಳೆಯಾಗದೆ ಅವರು ಎದ್ದದ್ದನ್ನು ನಾನು ಕಂಡಿಲ್ಲ. ಅಂಕಿ ತಪ್ಪಿದರೆ ಅದರ ಮೇಲೆಯೇ ಇನ್ನೊಂದನ್ನು ತಿದ್ದಿ ಬರೆಯುವುದು ಅವರಿಗೆ ಆಗದು. ಹಳೆಯ ಅಂಕಿ ಓದಲು ಬರುವ ಹಾಗೆ ಒಂದೇ ಗೀಟು ಹೊಡೆದು, ಪಕ್ಕದಲ್ಲಿ ಹೊಸದನ್ನು ಬರೆದು, ಸಣ್ಣ ಸಹಿ ಹಾಕಿ ತಾರೀಕು ಕಾಣಿಸುತ್ತಿದ್ದರು. "ತಪ್ಪು ಎಲ್ಲರಿಂದಲೂ ಆಗ್ತದೆ. ಆದ್ರೆ ತಪ್ಪಾಗಿತ್ತು ಅಂತ ಪುಸ್ತಕಕ್ಕೆ ಗೊತ್ತಿರ್ಬೇಕು" ಎಂದು ಹೇಳಿಕೊಟ್ಟರು. ನಾನು ಕಲಿತ ಲೆಕ್ಕಶಾಸ್ತ್ರದಲ್ಲಿ ಕಾಲೇಜಿನದಕ್ಕಿಂತ ಅವರದೇ ಹೆಚ್ಚು.

ಗೇರುಬೀಜದ ಲೆಕ್ಕ ಸುಲಭದ್ದಲ್ಲ. ಆಫ್ರಿಕದ ಬೀಜ 80 ಕೆಜಿ ಚೀಲಗಳಲ್ಲಿ ಬಂದು ಇಳಿಯುತ್ತದೆ. ಆ ಚೀಲದಿಂದ ಎಷ್ಟು ಪೌಂಡು ತಿರುಳು ಸಿಕ್ಕೀತು ಎಂಬುದೇ ಔಟ್‌ಟರ್ನ್. ಖರೀದಿಯ ದರ ನಿಂತಿರುವುದು ಅದರ ಮೇಲೆ. ಬೀಜ ಹುರಿದೋ ಬೇಯಿಸಿಯೋ ಒಡೆಯಬೇಕು. ತಿರುಳನ್ನು ಬೋರ್ಮ ಎಂಬ ಬಿಸಿ ಕೋಣೆಯಲ್ಲಿ ಒಣಗಿಸಬೇಕು. ಸಿಪ್ಪೆ ಸುಲಿದು ಗಾತ್ರ, ಬಣ್ಣ, ತುಂಡು ನೋಡಿ ಬೇರೆ ಮಾಡಬೇಕು. ಡಬ್ಲ್ಯೂ 180 ಎಂದರೆ ಒಂದು ಪೌಂಡಿಗೆ 170ರಿಂದ 180 ಇಡೀ ತಿರುಳು, ಡಬ್ಲ್ಯೂ 320 ಎಂದರೆ 300ರಿಂದ 320. ಆಮೇಲೆ ಹೋಳು, ದೊಡ್ಡ ತುಂಡು, ಸಣ್ಣ ತುಂಡು, ನುಚ್ಚು. ಹೊರಗಿನ ಗಟ್ಟಿ ಚಿಪ್ಪು ಎಣ್ಣೆ ತೆಗೆಯುವವರಿಗೆ ಹೋಗುತ್ತದೆ. ಪ್ರತಿ ಹಂತದಲ್ಲೂ ತೂಕ ಇಳಿಯುತ್ತದೆ, ಪ್ರತಿ ಹಂತದಲ್ಲೂ ತೂಗಬೇಕು. ಒಂದು ಹಂತದಲ್ಲಿ ಲೆಕ್ಕ ತಪ್ಪಿದರೆ ತಿರುಳು ಒಣಗಿ ಇಳಿಯಿತೋ, ಯಾರದಾದರೂ ಚೀಲ ಸೇರಿತೋ ತಿಳಿಯುವುದಿಲ್ಲ.

ಹೆಂಗಸರ ಕೂಲಿ ಕೆಜಿ ಲೆಕ್ಕ. ಚಿಪ್ಪಿನ ಎಣ್ಣೆಗೆ ಕೈ ಸುಡದಿರಲೆಂದು ಬೂದಿ ಸವರಿಕೊಂಡು ಒಡೆಯುತ್ತಿದ್ದರು. ಆದರೂ ಬೆರಳ ತುದಿಗಳು ಕಪ್ಪಾಗಿ ಚರ್ಮ ಸುಲಿಯುತ್ತಿತ್ತು. ಸಂಜೆ ಸಾಲಾಗಿ ಬುಟ್ಟಿ ಹಿಡಿದು ತಕ್ಕಡಿಯ ಮುಂದೆ ನಿಲ್ಲುತ್ತಿದ್ದರು. ಮೇಸ್ತ್ರಿ ತೂಕ ಕೂಗುತ್ತಿದ್ದ, ರೈಟರು ಬರೆಯುತ್ತಿದ್ದರು, ಸಾಲು ಮುಂದೆ ಸರಿಯುತ್ತಿತ್ತು. ಬುಟ್ಟಿಯ ತೂಕವೆಂದು ಒಂದಿಷ್ಟು ಕಳೆಯುವುದು ವಾಡಿಕೆ. ನೂರು ಗ್ರಾಮಿಗಿಂತ ಕೆಳಗಿನದನ್ನು ಬರೆಯದೆ ಬಿಡುವುದೂ ವಾಡಿಕೆ. ಧೈರ್ಯದವಳೊಬ್ಬಳು ಕೆಲವೊಮ್ಮೆ ಮೇಜಿನತ್ತ ಬಗ್ಗಿ, "ಹ್ವಾಯ್ ರೈಟ್ರೇ, ನಂದ್ ಎಷ್ಟ್ ಆಯ್ತ್? ಹೇಳಿ ಕಾಂಬ" ಎನ್ನುತ್ತಿದ್ದಳು. ರೈಟರು ತಲೆ ಎತ್ತದೆ ಅಂಕಿ ಹೇಳುತ್ತಿದ್ದರು. ಪುಸ್ತಕ ಅವಳತ್ತ ತಿರುಗುತ್ತಿರಲಿಲ್ಲ. ಶನಿವಾರ ಬಟವಾಡೆ. ಅಂದೇ ಕುಂದಾಪುರದ ಸಂತೆಯೂ ಇರುವುದರಿಂದ ಕೈಗೆ ಬಂದ ದುಡ್ಡನ್ನು ಎಣಿಸಿ, ವಾರದ ತೂಕದೊಂದಿಗೆ ಹೋಲಿಸಿ ನೋಡುವಷ್ಟು ಪುರುಸೊತ್ತು ಯಾರಿಗೂ ಇರುತ್ತಿರಲಿಲ್ಲ. ಹೋಲಿಸಲು ಅವರ ಬಳಿ ಬರೆದಿಟ್ಟ ಒಂದು ಚೂರು ಕಾಗದವೂ ಇರಲಿಲ್ಲ.

ಅದೇ ಗೇಟಿನ ಹೊರಗೆ, ಅದೇ ಶನಿವಾರ, ಪಿಗ್ಮಿಯವರು ನಿಂತಿರುತ್ತಿದ್ದರು. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಅವರು ಸ್ಥಾಪಿಸಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಶುರುಮಾಡಿದ ದಿನದ ಉಳಿತಾಯದ ಯೋಜನೆ ಪಿಗ್ಮಿ. ದಿನಕ್ಕೆ ಎರಡಾಣೆ ಉಳಿಸಬಲ್ಲವರ ಮನೆ ಬಾಗಿಲಿಗೇ ಬ್ಯಾಂಕು ಹೋಗಬೇಕು ಎಂಬ ಆಲೋಚನೆಯಿಂದ ಹುಟ್ಟಿದ್ದು. ಹೆಂಗಸರು ಸೆರಗಿನ ಗಂಟು ಬಿಚ್ಚಿ ಕೊಡುತ್ತಿದ್ದ ಒಂದೆರಡು ರೂಪಾಯಿಯನ್ನು ಪಿಗ್ಮಿಯವರು ತಮ್ಮ ಪುಸ್ತಕದಲ್ಲಿ ಬರೆದು, ಕೊಟ್ಟವಳ ಕಾರ್ಡಿನಲ್ಲೂ ಬರೆದು ಸಹಿ ಹಾಕುತ್ತಿದ್ದರು. ಆ ಕಾರ್ಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮನೆಯ ಪೆಟ್ಟಿಗೆ ಸೇರುತ್ತಿತ್ತು. ಓದಲು ಬಾರದವರೂ ಮಗನಿಂದಲೋ ಮಗಳಿಂದಲೋ ಓದಿಸಿ ಕೂಡಿಸಿ ನೋಡುತ್ತಿದ್ದರು. ಗೇಟಿನ ಒಳಗೆ ಅವರು ದುಡಿದ ಲೆಕ್ಕಕ್ಕೆ ಒಂದೇ ಪ್ರತಿ, ಅದೂ ಧಣಿಗಳದು. ಹೊರಗೆ ಅವರು ಉಳಿಸಿದ ಲೆಕ್ಕಕ್ಕೆ ಎರಡು ಪ್ರತಿ. ದಿನವೂ ಆ ಗೇಟು ದಾಟುತ್ತಿದ್ದ ನಮಗೆ ಯಾರಿಗೂ ಈ ವ್ಯತ್ಯಾಸ ಮಾತಾಡುವ ವಿಷಯವಾಗಿ ಕಾಣಲಿಲ್ಲ.

ರೈಟರ ಮೇಲಿನ ನನ್ನ ಗೌರವ ಇಂದಿಗೂ ಕಡಿಮೆಯಾಗಿಲ್ಲ. ಒಂದು ಪೈಸೆಯನ್ನೂ ಅವರು ತಮ್ಮದಾಗಿಸಿಕೊಂಡವರಲ್ಲ. ಮಳೆಗಾಲದ ಕಷ್ಟಕ್ಕೆ ಮುಂಗಡ ಕೇಳಿ ಬಂದವರಿಗೆ ಧಣಿಗಳ ಬಳಿ ತಾವೇ ಮಾತಾಡಿ ಕೊಡಿಸುತ್ತಿದ್ದರು. ಆದರೆ ಈಗ ಯೋಚಿಸಿದರೆ ಅವರ ಪ್ರಾಮಾಣಿಕತೆಗೆ ಒಂದು ದಿಕ್ಕು ಇತ್ತು ಎನ್ನಿಸುತ್ತದೆ. ಅದು ಧಣಿಗಳ ಕಡೆಗೆ. ಬಿಟ್ಟುಹೋದ ಗ್ರಾಮುಗಳು ಯಾರ ಬೆವರು ಎಂಬುದು ಅವರ ತಾಳೆಪಟ್ಟಿಯ ಹೊರಗಿನ ಮಾತು. ಪುಸ್ತಕಗಳ ಆ ಕಾಲವನ್ನು ಸತ್ಯದ ಕಾಲವೆಂದು ನೆನೆಯುವವರನ್ನು ಈಗಲೂ ಕಾಣುತ್ತೇನೆ. ಅಂಕಿಗಳು ಮುತ್ತಿನ ಹಾಗೆ ಇದ್ದವು, ನಿಜ. ಅವು ಪೂರ್ತಿ ಸತ್ಯವಾಗಿರಲಿಲ್ಲ, ಅದೂ ನಿಜ.

ತೊಂಬತ್ತರ ದಶಕದಲ್ಲಿ ಕಂಪ್ಯೂಟರು ಬಂತು. ಆ ಹೊತ್ತಿಗೆ ಟ್ಯಾಲಿಯ ಹೆಸರು ನಮ್ಮೂರಿಗೂ ತಲುಪಿತ್ತು. ಅದರ ಹುಟ್ಟಿನ ಕತೆ ಈಗಿನ ಹುಡುಕಾಟಕ್ಕೂ ಹೊಂದುತ್ತದೆ. ಗಿರಣಿಗಳಿಗೆ ಕಚ್ಚಾವಸ್ತು, ಯಂತ್ರದ ಬಿಡಿಭಾಗ ಒದಗಿಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರಕ್ಕೆ ಒಗ್ಗುವ ಲೆಕ್ಕದ ಸಾಫ್ಟ್‌ವೇರ್ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್ ಗೋಯೆಂಕಾರಿಗೆ ಬರೆಯಲು ಹೇಳಿದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಹೆಸರಿನಲ್ಲಿ ಶುರುವಾದ ಆ ಸಂಸ್ಥೆಯೇ ಇಂದು ಬೆಂಗಳೂರಿನಲ್ಲಿ ನೆಲೆಸಿರುವ ಟ್ಯಾಲಿ ಸೊಲ್ಯೂಷನ್ಸ್. ಅಂಗಡಿಯ ಲೆಕ್ಕ ಗೊತ್ತಿದ್ದವರ ಮನೆಯಲ್ಲೇ ಬೆಳೆದದ್ದರಿಂದ ಕಿರ್ದಿ ಬರೆದವರ ಕೈಗೆ ಅದು ಬೇಗ ಹತ್ತಿತು.

ಆದರೆ ನಮ್ಮ ಫ್ಯಾಕ್ಟರಿಯಲ್ಲಿ ಕಂಪ್ಯೂಟರಿನ ಪಾಸ್‌ವರ್ಡು ಒಬ್ಬ ಆಪರೇಟರಿನ ಬಳಿ ಮಾತ್ರ ಇತ್ತು. ರೈಟರು ನಿವೃತ್ತರಾದರು, ಅವರ ಜಾಗದಲ್ಲಿ ಗಾಜಿನ ಕೋಣೆ ಬಂತು. ಮೊದಲಾದರೆ ಪುಸ್ತಕವಾದರೂ ಮೇಜಿನ ಮೇಲೆ ಕಾಣುತ್ತಿತ್ತು, ಈಗ ಅದೂ ಇಲ್ಲ. ಒಂದು ಮಳೆಗಾಲದ ಸಿಡಿಲಿಗೆ ಯಂತ್ರ ಸುಟ್ಟು, ಫ್ಲಾಪಿಯಲ್ಲಿದ್ದ ಹಳೆಯ ಪ್ರತಿಯ ಆಚೆಗಿನ ಅಂಕಿಗಳೆಲ್ಲ ಹೋದವು. ಕಾಗದದ ಹಳೆಯ ಪುಸ್ತಕಗಳ ಗತಿಯೂ ಒಳ್ಳೆಯದಾಗಲಿಲ್ಲ. ಅಟ್ಟದ ಮೇಲೆ ಗೆದ್ದಲು ತಿಂದವು.

ಅದರ ಪರಿಣಾಮ ಎಷ್ಟೋ ವರ್ಷದ ಮೇಲೆ ಕಾಣಿಸಿತು. ಪಿಎಫ್‌ನ 1995ರ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿ ಸಿಗಬೇಕಾದರೆ ಹತ್ತು ವರ್ಷದ ಸೇವೆ ಬೇಕು. ಫ್ಯಾಕ್ಟರಿ ಮುಚ್ಚಿದ ಮೇಲೆ ಆ ಹೆಂಗಸರಲ್ಲಿ ಕೆಲವರು ನನ್ನ ಮನೆಗೆ ಬಂದರು. "ನಾವ್ ಅಲ್ಲೇ ಇದ್ದದ್ದ್ ನೀವ್ ಕಂಡೀರಿ ಅಲ್ದೇ?" ಎಂದು ಕೇಳಿದರು. ಕಂಡಿದ್ದೆ. ಆದರೆ ಕಂಡವನ ಮಾತು ದಾಖಲೆಯಾಗುವುದಿಲ್ಲ. ಒಂದು ಪಟ್ಟಿಯಲ್ಲಿ ಒಬ್ಬಳ ಹೆಸರು ಗಂಡನ ಹೆಸರಿನೊಂದಿಗೆ, ಇನ್ನೊಂದರಲ್ಲಿ ತಾಯಿ ಮನೆಯ ಹೆಸರಿನೊಂದಿಗೆ, ನಡುವಿನ ವರ್ಷಗಳ ಪುಸ್ತಕವೇ ಇಲ್ಲ. ಬೆರಳ ಚರ್ಮ ಸವೆಸಿ ದುಡಿದ ವರ್ಷಗಳಿಗೆ ಸಾಕ್ಷಿಯಿಲ್ಲದೆ ಅವರು ಹಿಂತಿರುಗಿದರು. ಲೆಕ್ಕದ ವ್ಯವಸ್ಥೆ ಕೆಟ್ಟರೆ ಧಣಿಗೆ ಆಗುವ ನಷ್ಟ ಒಂದು ವರ್ಷದ್ದು. ಕೂಲಿಯವರಿಗೆ ಆಗುವುದು ಮುಪ್ಪಿನವರೆಗಿನದು. 2014ರಿಂದ ಪಿಎಫ್‌ನಲ್ಲಿ ಒಬ್ಬರಿಗೆ ಒಂದೇ ಯುಎಎನ್ ಸಂಖ್ಯೆ ಬಂದು, ಕೆಲಸಗಾರರೇ ತಮ್ಮ ಪಾಸ್‌ಬುಕ್ ಮೊಬೈಲಿನಲ್ಲಿ ನೋಡುವಂತಾಯಿತು. ಅದು ಇಪ್ಪತ್ತು ವರ್ಷ ಮೊದಲೇ ಬರಬೇಕಾಗಿತ್ತು.

ಇಷ್ಟೆಲ್ಲ ಮನಸ್ಸಿನಲ್ಲಿಟ್ಟುಕೊಂಡು ನಾನು ಸೋದರಸೊಸೆಯ ಜೊತೆ ಡೆಮೊಗಳಿಗೆ ಕೂತೆ. ಹೆಚ್ಚಿನವರು ತೋರಿಸಿದ್ದು ಕುರ್ಚಿಯನ್ನೋ ಸೈಕಲನ್ನೋ ತಯಾರಿಸುವ ಫ್ಯಾಕ್ಟರಿಯ ಉದಾಹರಣೆ. ಹತ್ತು ಬಗೆಯ ಸಾಮಾನು ಒಳಗೆ ಹೋಗಿ ಒಂದು ವಸ್ತು ಹೊರಗೆ ಬರುತ್ತದೆ. ನಮ್ಮದು ತದ್ವಿರುದ್ಧ. ಒಂದೇ ಬೀಜ ಒಳಗೆ ಹೋಗಿ ಇಪ್ಪತ್ತಕ್ಕೂ ಹೆಚ್ಚು ದರ್ಜೆಯ ಮಾಲು ಹೊರಗೆ ಬರುತ್ತದೆ, ಪ್ರತಿಯೊಂದಕ್ಕೂ ಬೇರೆ ದರ. ಬೀಜದ ಖರ್ಚನ್ನು ಈ ದರ್ಜೆಗಳಿಗೆ ಹೇಗೆ ಹಂಚುತ್ತೀರಿ, ಬೋರ್ಮದಲ್ಲಿ ಇಳಿದ ತೇವವನ್ನು ಎಲ್ಲಿ ಬರೆಯುತ್ತೀರಿ, ಯಾವ ಹಡಗಿನ ಬೀಜ ಯಾವ ಡಬ್ಬಕ್ಕೆ ಹೋಯಿತು ಎಂದು ಹಿಂದಕ್ಕೆ ಹುಡುಕಬಹುದೇ ಎಂದು ಕೇಳಿದಾಗ ಯಾರಿಗೆ ಉತ್ಪಾದನೆ ಗೊತ್ತು, ಯಾರಿಗೆ ಬರೀ ಬಿಲ್ಲು ಗೊತ್ತು ಎಂಬುದು ತಿಳಿಯಿತು. ಮೀನಿನ ಫ್ಯಾಕ್ಟರಿಯವರೂ ಅಕ್ಕಿ ಮಿಲ್ಲಿನವರೂ ಇದೇ ಪ್ರಶ್ನೆಯಿಂದ ಶುರುಮಾಡುವುದು ಒಳ್ಳೆಯದು.

ತೆರಿಗೆಯದ್ದು ಇನ್ನೊಂದು ಪರೀಕ್ಷೆ. ಊರಿನ ರೈತರಿಂದ ಚಿಪ್ಪುಸಹಿತ ಬೀಜ ಕೊಂಡರೆ ಜಿಎಸ್‌ಟಿ ಕಟ್ಟಬೇಕಾದವರು ರೈತರಲ್ಲ, ನೋಂದಾಯಿತ ಖರೀದಿದಾರರು. ರಿವರ್ಸ್ ಚಾರ್ಜ್ ಎಂಬ ಈ ಲೆಕ್ಕ ಸಾಫ್ಟ್‌ವೇರಿಗೆ ತಾನಾಗಿ ತಿಳಿದಿರಬೇಕು. ವಹಿವಾಟು ವರ್ಷಕ್ಕೆ 5 ಕೋಟಿ ದಾಟಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯ. ಅದೇ ವರ್ಷದ ಏಪ್ರಿಲ್ 1ರಿಂದ, ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್ ಪ್ರತಿ ತಿದ್ದುಪಡಿಯ ದಾಖಲೆಯನ್ನು ತಾರೀಕು ಸಮೇತ ಇಡಬೇಕು, ಅದನ್ನು ಯಾರೂ ನಿಲ್ಲಿಸುವಂತಿರಬಾರದು. ರೈಟರು ಒಂದೇ ಗೀಟು ಹೊಡೆದು ಸಹಿ ಹಾಕುತ್ತಿದ್ದ ಕ್ರಮ ಈಗ ದೇಶದ ಕಾನೂನಾಗಿದೆ. ಲೆಕ್ಕದ ಒಂದು ಪ್ರತಿಯನ್ನು ದಿನವೂ ಭಾರತದ ಒಳಗಿನ ಸರ್ವರಿನಲ್ಲಿ ಉಳಿಸಬೇಕೆಂಬ ನಿಯಮವೂ ಇದೆ. ನಮ್ಮ ಡೇಟಾ ಯಾವ ಊರಿನಲ್ಲಿ ಇರುತ್ತದೆ ಎಂದು ಕೇಳುವುದು ಅನುಮಾನದ ಮಾತಲ್ಲ, ಕೇಳಲೇಬೇಕಾದ ಮಾತು.

ಮಳೆಯ ಪ್ರಶ್ನೆ ನಮ್ಮದೇ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ಕರೆಂಟು, ಇಂಟರ್ನೆಟ್ಟು ಎರಡನ್ನೂ ನಂಬಿ ಕೂರುವ ಹಾಗಿಲ್ಲ. ನೆಟ್ ಹೋದಾಗ ತಕ್ಕಡಿಯ ಅಂಕಿ ಮೊಬೈಲಿನಲ್ಲೇ ಉಳಿದು, ಬಂದಾಗ ತಾನಾಗಿ ಮೇಲಕ್ಕೆ ಹೋಗಬೇಕು. ಇಲ್ಲದಿದ್ದರೆ ಸೂಪರ್‌ವೈಸರು ಮತ್ತೆ ಚೀಟಿಗೇ ಬರುತ್ತಾರೆ.

ಕೊನೆಯದು, ಬಿಟ್ಟುಹೋಗುವ ದಾರಿ. ಹಳೆಯ ಪುಸ್ತಕ ಒಬ್ಬರಿಗೆ ಮಾತ್ರ ಅರ್ಥವಾಗುತ್ತಿತ್ತು, ಆದರೆ ಅದು ನಮ್ಮ ಕಪಾಟಿನಲ್ಲಿತ್ತು. ಕ್ಲೌಡಿನ ಲೆಕ್ಕ ಮೂರೂ ಊರಿನಿಂದ ಒಂದೇ ಗಳಿಗೆಯಲ್ಲಿ ಕಾಣುತ್ತದೆ, ಆದರೆ ಇರುವುದು ಇನ್ನೊಬ್ಬರ ಯಂತ್ರದಲ್ಲಿ. ತಿಂಗಳ ಬಾಡಿಗೆ ನಿಂತರೆ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಸಹಿ ಹಾಕುವ ಮೊದಲೇ, ಪ್ರಯೋಗದ ಅವಧಿಯಲ್ಲೇ, ನಾವು ತುಂಬಿದ ಎಲ್ಲ ಅಂಕಿಗಳನ್ನೂ ಇನ್ನೊಂದು ಕಡೆ ತೆರೆಯಬಲ್ಲ ರೂಪದಲ್ಲಿ ಹೊರತೆಗೆದು ತೋರಿಸಿ ಎಂದು ಕೇಳಿದೆವು. ಮುಂಬಯಿಯ ಇಆರ್‌ಪಿನೆಕ್ಸ್ಟ್‌ನಂಥ ಮುಕ್ತ ಆಕರದ ಸಾಫ್ಟ್‌ವೇರಿನಲ್ಲಿ ನಾಳೆ ನಡೆಸುವವರು ಬದಲಾದರೂ ಅದನ್ನೇ ಬೇರೆ ಸರ್ವರಿನಲ್ಲಿ ಮುಂದುವರಿಸಬಹುದು. ತಮಿಳುನಾಡಿನ ಜೋಹೊದಂಥವು ಸಿದ್ಧ ಸೌಕರ್ಯದಲ್ಲಿ ಮುಂದು, ನಿರ್ವಹಣೆಯ ತಲೆನೋವು ಕಡಿಮೆ. ಎರಡಕ್ಕೂ ಬೆಲೆ ಇದೆ. ಒಂದರಲ್ಲಿ ಅದನ್ನು ಬಲ್ಲ ಜನರನ್ನು ಇಟ್ಟುಕೊಳ್ಳಬೇಕು, ಇನ್ನೊಂದರಲ್ಲಿ ತಲೆಲೆಕ್ಕದ ಬಾಡಿಗೆ ಕಟ್ಟಬೇಕು. ಬೆಳೆಯುವ ಕಂಪನಿಗೆ ಇಂದಿನ ದರಕ್ಕಿಂತ ಮುಂದೆ ಜನ ಹೆಚ್ಚಾದಾಗಿನ ದರ ಮುಖ್ಯ.

ಒಂದು ಡೆಮೊದಲ್ಲಿ ಯಾರು ಗಂಟೆಗೆ ಎಷ್ಟು ಬಿಡಿಸಿದರು ಎಂದು ಕೆಲಸಗಾರರನ್ನು ಮೇಲಿನಿಂದ ಕೆಳಕ್ಕೆ ಸಾಲುಹಚ್ಚಿ, ಕೊನೆಯವರನ್ನು ಕೆಂಪಿನಲ್ಲಿ ತೋರಿಸುವ ಪುಟವೊಂದಿತ್ತು. ಸೊಸೆಗೆ ಅದು ಮೊದಲು ಹಿಡಿಸಿತು. ಉದ್ಯಮ ನಡೆಸುವವರಿಗೆ ಅದು ಬೇಕೆನ್ನಿಸುವುದು ಸಹಜ. ಹಳೆಯ ಫ್ಯಾಕ್ಟರಿಯ ಹೆಂಗಸರ ಕತೆಯನ್ನು ಅಂದು ಅವಳಿಗೆ ಹೇಳಿದೆ. ತಕ್ಕಡಿಯ ಅಂಕಿ ಆಫೀಸಿಗೆ ಮಾತ್ರ ಕಂಡರೆ ಅದು ಕಾವಲು. ದುಡಿದವಳಿಗೂ ಅದೇ ಗಳಿಗೆಯಲ್ಲಿ ಕಂಡರೆ ಅದು ಲೆಕ್ಕ. ಸೊಸೆ ತುಂಬ ಹೊತ್ತು ವಾದಿಸಿದಳು. ತೂಕ ಗೊತ್ತಾದರೆ ಜಗಳ ಹೆಚ್ಚುವುದಿಲ್ಲವೇ ಎಂದಳು. ಹೆಚ್ಚಬಹುದು ಎಂದೆ. ತಪ್ಪಿದ ಅಂಕಿಗೆ ಅಂದೇ ಜಗಳವಾದರೆ ಅಂದೇ ಸರಿಯಾಗುತ್ತದೆ, ಇಪ್ಪತ್ತು ವರ್ಷದ ಮೇಲೆ ಪಿಂಚಣಿಗೆ ಅಲೆಯುವುದಕ್ಕಿಂತ ಅದು ಮೇಲು.

ಅವಳು ಮುಕ್ತ ಆಕರದ್ದನ್ನೇ ಆರಿಸಿದಳು. ಆ ಕೆಂಪು ಪುಟದಂಥದ್ದು ಬೇಡವೆಂದಳು. ಮೂರೂ ಘಟಕದಲ್ಲಿ ಡಿಜಿಟಲ್ ತಕ್ಕಡಿಯ ಪಕ್ಕ ಸಣ್ಣ ಪ್ರಿಂಟರು ಕೂರುತ್ತದೆ. ತೂಗಿದ ಕೂಡಲೇ ಹೆಸರು, ತಾರೀಕು, ಗ್ರಾಮಿನವರೆಗಿನ ತೂಕ, ಅಂದಿನ ದರ, ವಾರದ ಮೊತ್ತ ಕನ್ನಡದಲ್ಲಿ ಅಚ್ಚಾಗಿ ದುಡಿದವಳ ಕೈಗೆ ಬರಬೇಕು, ಫೋನಿಗೂ ಹೋಗಬೇಕು. ಹೆಸರು ಆಧಾರ್‌ನಲ್ಲೂ ಪಿಎಫ್‌ನಲ್ಲೂ ಇರುವಂತೆಯೇ ಇರಬೇಕು. ಸಾಫ್ಟ್‌ವೇರ್ ಅಳವಡಿಸುವವರು ಮೊದಲು ಮಾರಾಟ ಮತ್ತು ತೆರಿಗೆ, ಆಮೇಲೆ ದಾಸ್ತಾನು, ಕೂಲಿಯದ್ದು ಕೊನೆಗೆ ಎಂಬ ಕ್ರಮದ ಪಟ್ಟಿ ಕೊಟ್ಟಿದ್ದರು. ಸೊಸೆ ಅದನ್ನು ತಿರುಗಿಸಿ ಬರೆದು ಕಳಿಸಿದಳು. ಮೊದಲು ಶುರುವಾಗುವುದು ತೂಕದ ಚೀಟಿ. ಅದು ಮೂರೂ ಊರಿನಲ್ಲಿ ಒಂದು ಮಳೆಗಾಲ ತಪ್ಪಿಲ್ಲದೆ ನಡೆದ ಮೇಲೆ ಉಳಿದದ್ದು.